ಗಡಿ ದಾಟುವ ಬಾಳೆಕಂದು: ಸಸ್ಯರೋಗ ತಡೆಯುವ ಕಾನೂನು ಮತ್ತು ನಮ್ಮ ಹೊಣೆ



ಕಳೆದ ತಿಂಗಳು ಭಾನುವಾರದ ಪೂಜೆಯ ನಂತರ ಒಬ್ಬ ತಾಯಿ ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು. ಅವರ ಮಗಳನ್ನು ಕೊಡಗಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅಳಿಯನ ಮನೆಯವರು ಹೊಸ ತೋಟ ಮಾಡುತ್ತಿದ್ದಾರೆ. "ಫಾದರ್, ನಮ್ಮ ನೇಂದ್ರದ ಇಪ್ಪತ್ತು ಕಂದು ಜೀಪಿನಲ್ಲಿ ಹಾಕಿ ಕಳಿಸುವ ಅಂತ ಇದ್ದೇವೆ. ಆದರೆ ಬಾಳೆಕಂದು ಗಡಿ ದಾಟಿಸಬಾರದು ಅಂತ ಕೃಷಿಭವನಕ್ಕೆ ಹೋದಾಗ ಯಾರೋ ಹೇಳಿದರು. ಗೊನೆ ಕೊಂಡುಹೋಗಬಹುದಂತೆ, ಕಂದು ಆಗದಂತೆ. ಇದೆಂಥ ಕಾನೂನು? ಹೆತ್ತ ಮಗಳಿಗೆ ಕೊಡುವುದು ಕಳ್ಳಸಾಗಣೆಯಾ?" ಎಂದು ಅವರು ಕೇಳಿದರು.

ಅಂದು ನಾನು ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕಳುಹಿಸಿದೆ. ಆದರೆ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ನಮ್ಮ ಕಾಸರಗೋಡಿನ ಉತ್ತರ ಭಾಗದಲ್ಲಿ ಗಡಿಯಾಚೆಗೆ ನೆಂಟರಿಲ್ಲದ ಮನೆ ಇಲ್ಲ. ಅಡಿಕೆ ತೋಟದ ಮಧ್ಯೆ ನಾಲ್ಕು ಬಾಳೆ ಇಲ್ಲದ ಮನೆಯೂ ಇಲ್ಲ. ಆದುದರಿಂದ ಈ ಸಲದ ಪಾಠಕ್ಕೆ ಆ ತಾಯಿಯ ಪ್ರಶ್ನೆಯನ್ನೇ ಆರಿಸಿಕೊಂಡಿದ್ದೇನೆ.

ಕ್ವಾರಂಟೈನ್ ಎಂದರೇನು?

2020ರ ಮಾರ್ಚ್ ತಿಂಗಳ ನಂತರ ಈ ಪದವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಕಷ್ಟವನ್ನು ನಾವು ಮರೆತಿಲ್ಲ. ಹಾಗಾಗಿ ಗಡಿಯಲ್ಲಿ ತಡೆ ಎಂದ ಕೂಡಲೇ ನಮ್ಮ ಮನಸ್ಸು ಮುದುಡಿಕೊಳ್ಳುವುದು ಸಹಜ. ಆದರೂ ಈ ಪದ್ಧತಿಯ ಮೂಲ ಉದ್ದೇಶವನ್ನು ತಿಳಿದುಕೊಳ್ಳಬೇಕು.

1377ರಲ್ಲಿ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು (ಈಗಿನ ಡುಬ್ರೊವ್ನಿಕ್) ಪ್ಲೇಗ್ ಇರುವ ಊರುಗಳಿಂದ ಬಂದವರು 30 ದಿನ ನಗರದ ಹೊರಗೇ ಉಳಿಯಬೇಕೆಂದು ಶಾಸನ ಮಾಡಿತು. ಮುಂದೆ ಈ ಅವಧಿ 40 ದಿನಗಳಾಯಿತು. ಇಟಾಲಿಯನ್ ಭಾಷೆಯಲ್ಲಿ ನಲವತ್ತಕ್ಕೆ 'ಕ್ವರಾಂತ' ಎನ್ನುತ್ತಾರೆ. ಅದರಿಂದಲೇ ಕ್ವಾರಂಟೈನ್ ಎಂಬ ಪದ ಬಂತು.

ಆದರೆ ಇದರ ತತ್ತ್ವ ಇನ್ನೂ ಹಳೆಯದು. ಯಾಜಕಕಾಂಡದ 13 ಮತ್ತು 14ನೇ ಅಧ್ಯಾಯಗಳನ್ನು ಓದಿ ನೋಡಿ. ಚರ್ಮದ ಮೇಲೆ ಸಂಶಯದ ಮಚ್ಚೆ ಕಂಡರೆ ಯಾಜಕನು ಆ ವ್ಯಕ್ತಿಯನ್ನು ಏಳು ದಿನ ಪ್ರತ್ಯೇಕವಾಗಿ ಇರಿಸಿ, ಏಳನೆಯ ದಿನ ಮತ್ತೆ ಪರೀಕ್ಷಿಸಬೇಕು. ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಮನೆಯನ್ನು ಏಳು ದಿನ ಮುಚ್ಚಬೇಕು. ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಹಾಕಬೇಕು. ಇಲ್ಲಿ ಗಮನಿಸಬೇಕಾದುದು ಇಷ್ಟು: ರೋಗ ಇದೆಯೋ ಇಲ್ಲವೋ ಎಂದು ಖಚಿತವಾಗುವ ತನಕ ಕಾಯುವುದು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ಸಾಲದು, ಸಮಯ ಕೊಟ್ಟು ನೋಡಬೇಕು. ಸಸ್ಯಗಳ ಕ್ವಾರಂಟೈನ್ ಕೂಡ ಇದೇ ತತ್ತ್ವದ ಮೇಲೆ ನಿಂತಿದೆ.

ಬಾಳೆಯ ಬಂಚಿ ಟಾಪ್ ರೋಗ

ಆ ತಾಯಿಗೆ ಯಾರೋ ಹೇಳಿದ ನಿಯಮದ ಹಿಂದೆ ಇರುವುದು ಒಂದು ನಂಜುರೋಗ. ಇಂಗ್ಲಿಷಿನ ಬಂಚಿ ಟಾಪ್ ಎಂಬ ಹೆಸರೇ ಎಲ್ಲೆಡೆ ಬಳಕೆಯಲ್ಲಿದೆ. ನಮ್ಮ ಕೃಷಿಭವನದವರು ಮಲಯಾಳದಲ್ಲಿ 'ಕುರುನಾಂಬು' ಎನ್ನುತ್ತಾರೆ. ಇದಕ್ಕೆ ಕಾರಣ ಒಂದು ವೈರಸ್. ಇದರ ಲಕ್ಷಣಗಳನ್ನು ಪ್ರತಿಯೊಬ್ಬ ಕೃಷಿಕನೂ ತಿಳಿದಿರಬೇಕು:

1. ಎಲೆಯ ಅಡಿಭಾಗದಲ್ಲಿ, ಸಣ್ಣ ನರಗಳ ಮೇಲೆ ಮತ್ತು ಎಲೆದಂಟಿನ ಮೇಲೆ ಕಡು ಹಸಿರು ಬಣ್ಣದ ಚುಕ್ಕೆ ಮತ್ತು ಗೆರೆಗಳು ಕಾಣಿಸುತ್ತವೆ. ಹಿಂದೆ ತಂತಿ ಕಳುಹಿಸುವಾಗ ಬಳಸುತ್ತಿದ್ದ ಚುಕ್ಕೆ-ಗೆರೆಗಳ ಸಂಕೇತದ ಹಾಗೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸ್ಪಷ್ಟವಾಗುತ್ತದೆ.
2. ಹೊಸದಾಗಿ ಬರುವ ಒಂದೊಂದು ಎಲೆಯೂ ಹಿಂದಿನದಕ್ಕಿಂತ ಗಿಡ್ಡ, ಕಿರಿದು, ನೆಟ್ಟಗೆ. ಅಂಚು ಹಳದಿ. ಮಡಚಿದರೆ ಎಲೆ ಪಟಕ್ಕನೆ ಮುರಿಯುತ್ತದೆ.
3. ಕೊನೆಗೆ ಎಲೆಗಳೆಲ್ಲ ತುದಿಯಲ್ಲಿ ಒತ್ತಾಗಿ ಸೇರಿ, ತಲೆಗೆ ಜುಟ್ಟು ಕಟ್ಟಿದಂತೆ ಕಾಣುತ್ತದೆ.
4. ಎಳೆಯದರಲ್ಲೇ ರೋಗ ತಗಲಿದ ಬಾಳೆ ಗೊನೆ ಹಾಕುವುದಿಲ್ಲ. ತಡವಾಗಿ ತಗಲಿದರೆ ಪೂಂಬೆ ಹೊರಬಂದರೂ ಗೊನೆ ಸೊಟ್ಟಗಾಗಿ ಸಣ್ಣದಾಗಿ ಉಳಿಯುತ್ತದೆ.

ಗೊಬ್ಬರ ಸಾಲದಿದ್ದರೂ ಎಲೆ ಸಣ್ಣದಾಗಬಹುದು. ಆದುದರಿಂದ ಮೊದಲನೆಯ ಲಕ್ಷಣವಾದ ಚುಕ್ಕೆ-ಗೆರೆಯನ್ನು ಮುಖ್ಯವಾಗಿ ಹುಡುಕಬೇಕು.

ಈ ರೋಗಕ್ಕೆ ಮದ್ದಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಬೂದಿ, ಸೆಗಣಿನೀರು, ಬೇವಿನ ಹಿಂಡಿ, ಅಂಗಡಿಯ ಯಾವ ಔಷಧಿಯೂ ರೋಗ ಬಂದ ಬಾಳೆಯನ್ನು ಗುಣಪಡಿಸದು. ಒಂದು ಬುಡದಲ್ಲಿ ಒಂದು ಗಿಡಕ್ಕೆ ಬಂದರೆ, ಗಡ್ಡೆ ಒಂದೇ ಆಗಿರುವುದರಿಂದ, ಸುತ್ತಲಿನ ಕಂದುಗಳಿಗೂ ರೋಗ ಇಳಿಯುತ್ತದೆ.

ರೋಗ ಪ್ರಯಾಣಿಸುವ ಎರಡು ದಾರಿಗಳು

ಈ ವೈರಸ್ ಮಣ್ಣಿನಲ್ಲಿ ಹರಡುವುದಿಲ್ಲ, ಕತ್ತಿ-ಹಾರೆಗಳಿಂದ ಹರಡುವುದಿಲ್ಲ. ಅದಕ್ಕೆ ದಾರಿಗಳು ಎರಡೇ.

ಒಂದು, ಬಾಳೆಯ ಗಿಡಹೇನು. ಕಂದುಗಪ್ಪು ಬಣ್ಣದ ಈ ಸಣ್ಣ ಹೇನುಗಳು ಸುಳಿಯ ಬುಡದಲ್ಲಿ, ಎಲೆದಂಟಿನ ಸಂದಿಯಲ್ಲಿ, ನೆಲಕ್ಕೆ ತಾಗಿದ ಸಿಪ್ಪೆಯ ಒಳಗೆ ಗುಂಪಾಗಿ ಕೂತಿರುತ್ತವೆ. ಬುಡದಲ್ಲಿ ಇರುವೆಗಳ ಸಾಲು ಕಂಡರೆ ಹೇನು ಇದೆಯೇ ಎಂದು ನೋಡಿ. ರೋಗದ ಬಾಳೆಯ ರಸ ಹೀರಿದ ಹೇನು ತಾನು ಬದುಕಿರುವಷ್ಟು ಕಾಲ ವೈರಸ್ಸನ್ನು ಹೊತ್ತಿರುತ್ತದೆ.

ಎರಡು, ನಮ್ಮ ಕೈ. ಅಂದರೆ ರೋಗ ತಗಲಿದ ಕಂದು.

ಇವುಗಳಲ್ಲಿ ಯಾವುದು ಹೆಚ್ಚು ಅಪಾಯಕಾರಿ? ಆಸ್ಟ್ರೇಲಿಯಾದ ತೋಟಗಳಲ್ಲಿ ಅಳತೆ ಮಾಡಿ ನೋಡಿದಾಗ, ಹೊಸದಾಗಿ ರೋಗ ಬಂದ ಬಾಳೆಗಳಲ್ಲಿ ಸುಮಾರು ಮೂರನೆಯ ಎರಡು ಪಾಲು, ಹಳೆಯ ರೋಗದ ಗಿಡದಿಂದ 20 ಮೀಟರ್ ಒಳಗೇ ಇದ್ದವು. ನೂರರಲ್ಲಿ ತೊಂಬತ್ತೊಂಬತ್ತು 86 ಮೀಟರ್ ಒಳಗೆ ಇದ್ದವು. ಎಂದರೆ, ಹೇನು ಸಾಮಾನ್ಯವಾಗಿ ರೋಗವನ್ನು ಒಯ್ಯುವುದು ಒಂದು ತೋಟದ ಆಚೆ ಬದಿಯವರೆಗೆ, ಹೆಚ್ಚೆಂದರೆ ನೆರೆಮನೆಯವರೆಗೆ. ಘಟ್ಟ ಹತ್ತಿ, ಹೊಳೆ ದಾಟಿ, ಜಿಲ್ಲೆಯಿಂದ ಜಿಲ್ಲೆಗೆ ಅದನ್ನು ಮುಟ್ಟಿಸುವುದು ಹೇನಲ್ಲ, ಮನುಷ್ಯ.

ಎಲ್ಲ ಪೀಡೆಗಳೂ ಹೀಗಲ್ಲ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಮೊದಲು ಕಂಡ ಸೈನಿಕ ಹುಳುವಿನ ಪತಂಗ ತಾನೇ ಬಹುದೂರ ಹಾರುತ್ತದೆ. 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಕಂಡ ತೆಂಗಿನ ನುಸಿ ಗಾಳಿಯಲ್ಲಿ ತೇಲಿ ಬರುತ್ತದೆ. ಅವುಗಳನ್ನು ಯಾವ ಚೆಕ್‌ಪೋಸ್ಟ್ ತಡೆದೀತು? ಆದರೆ ಬಂಚಿ ಟಾಪ್ ನಮ್ಮ ಜೀಪು, ನಮ್ಮ ಗೋಣಿಚೀಲ, ನಮ್ಮ ಪ್ರೀತಿ ಇಲ್ಲದೆ ದೂರ ಹೋಗಲಾರದು. ಆದುದರಿಂದಲೇ ಇದನ್ನು ತಡೆಯುವುದೂ ನಮ್ಮಿಂದ ಸಾಧ್ಯ.

ಇನ್ನೊಂದು ಮುಖ್ಯ ವಿಷಯ. ರೋಗ ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಧಾರಣವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಇನ್ನೂ ಹೆಚ್ಚು. ಈ ನಡುವೆ ಕಂದು ನೋಡಲು ಪುಷ್ಟಿಯಾಗಿಯೇ ಇರುತ್ತದೆ. "ನಾನು ಕಣ್ಣಾರೆ ನೋಡಿ ಒಳ್ಳೆಯದನ್ನೇ ಆರಿಸಿ ಕೊಟ್ಟಿದ್ದೇನೆ" ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಕಣ್ಣಿಗೆ ಅದು ಕಾಣುವುದಿಲ್ಲ.

ಎರಡು ನಾಡುಗಳಿಂದ ಪಾಠ

ಈ ರೋಗವನ್ನು ಮೊದಲು ದಾಖಲಿಸಿದ್ದು 1889ರಲ್ಲಿ, ಫಿಜಿ ದ್ವೀಪಗಳಲ್ಲಿ. 1913ರ ಸುಮಾರಿಗೆ ಫಿಜಿಯಿಂದ ತರಿಸಿದ ಕಂದುಗಳ ಮೂಲಕ ಅದು ಆಸ್ಟ್ರೇಲಿಯಾವನ್ನು ಸೇರಿತು. ಹತ್ತು-ಹನ್ನೆರಡು ವರ್ಷಗಳಲ್ಲಿ ನ್ಯೂ ಸೌತ್ ವೇಲ್ಸಿನ ಉತ್ತರ ಭಾಗ ಮತ್ತು ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದ ಬಾಳೆ ಕೃಷಿ ನೆಲಕಚ್ಚಿತು. ಕೃಷಿಕರು ತೋಟ ಬಿಟ್ಟು ಹೊರಟರು. ಆಗ ಸಿ. ಜೆ. ಪಿ. ಮ್ಯಾಗೀ ಎಂಬ ಯುವ ವಿಜ್ಞಾನಿ ಅಧ್ಯಯನ ಕೈಗೊಂಡು, ಹೇನು ಮತ್ತು ಕಂದು ಎಂಬ ಈ ಎರಡು ದಾರಿಗಳನ್ನು ಗುರುತಿಸಿದರು. 1927ರಲ್ಲಿ ಅವರ ವರದಿ ಪ್ರಕಟವಾಯಿತು. ಔಷಧಿ ಇಲ್ಲದಿದ್ದರೂ ಅವರು ಎದೆಗುಂದಲಿಲ್ಲ. ಅವರ ಸಲಹೆಯಂತೆ ಸರಕಾರ ಕಾನೂನು ಮಾಡಿತು: ರೋಗದ ಗಿಡವನ್ನು ಕಡ್ಡಾಯವಾಗಿ ನಾಶಮಾಡಬೇಕು, ಅನುಮತಿ ಇಲ್ಲದೆ ಕಂದು ಸಾಗಿಸಬಾರದು, ನೆಡಬಾರದು, ತೋಟಗಳನ್ನು ಕ್ರಮವಾಗಿ ತಪಾಸಣೆ ಮಾಡಬೇಕು. ಬೆಳೆಗಾರರೂ ಕೈಜೋಡಿಸಿದರು. ತೋಟಗಳು ಮತ್ತೆ ಎದ್ದವು. ಆ ದೇಶದ ಬಾಳೆಯ ಮುಖ್ಯ ನೆಲೆಯಾದ ಉತ್ತರ ಕ್ವೀನ್ಸ್‌ಲ್ಯಾಂಡಿಗೆ ರೋಗ ಕಾಲಿಡದಂತೆ ಇವತ್ತಿಗೂ ಕಾಯುತ್ತಿದ್ದಾರೆ.

ಇನ್ನೊಂದು ಉದಾಹರಣೆ ನಮ್ಮ ಹತ್ತಿರದ್ದೇ. ತಮಿಳುನಾಡಿನ ಪಳನಿ ಬೆಟ್ಟದ ಕೆಳಸಾಲಿನಲ್ಲಿ ವಿರೂಪಾಕ್ಷಿ ಎಂಬ ಸುವಾಸನೆಯ ಬೆಟ್ಟದ ಬಾಳೆ ಇದೆ. ಪಳನಿಯ ಪಂಚಾಮೃತಕ್ಕೆ ಅದೇ ಬೇಕು. 1970ರ ದಶಕದಲ್ಲಿ ಸುಮಾರು 18,000 ಹೆಕ್ಟೇರಿನಲ್ಲಿದ್ದ ಈ ಬೆಳೆ, ಮುಖ್ಯವಾಗಿ ಬಂಚಿ ಟಾಪ್ ರೋಗದಿಂದ, ಸುಮಾರು 2,000 ಹೆಕ್ಟೇರಿಗೆ ಇಳಿಯಿತು. ರೋಗ ಒಂದೇ. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಸೇರಿ ರೋಗದ ಗಿಡ ಕಿತ್ತು, ಶುದ್ಧವಾದ ಕಂದನ್ನೇ ನೆಟ್ಟರು. ಆ ಎರಡು ಕೆಲಸಗಳು ಊರಿಡೀ ನಡೆಯದ ಕಡೆ ಒಬ್ಬನ ಶ್ರಮವನ್ನು ನೆರೆಯವನ ತೋಟ ಹಾಳುಮಾಡುತ್ತದೆ.

ನಮ್ಮ ಕೇರಳಕ್ಕೆ ಈ ರೋಗ ಬಂದದ್ದು 1940ರ ಸುಮಾರಿಗೆ, ಸಿಲೋನಿನಿಂದ, ಗಿಡಗಳ ಮೂಲಕ. ಕೋಟ್ಟಯಂ ಕಡೆಯಲ್ಲಿ ಬೇರೂರಿ ಅಲ್ಲಿಂದ ಹಬ್ಬಿತು. ಅಂದು ಆ ಗಿಡಗಳನ್ನು ತಂದವರ ಮನಸ್ಸಿನಲ್ಲಿ ಯಾವ ಕೆಟ್ಟ ಉದ್ದೇಶವೂ ಇದ್ದಿರಲಾರದು.

ಕಾನೂನು ಏನು ಹೇಳುತ್ತದೆ?

ಸಸ್ಯಪೀಡೆಗಳ ಬಗ್ಗೆ ಭಾರತದ ಮೂಲ ಕಾನೂನು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ. ಹೊರದೇಶದಿಂದ ಬರುವ ಗಿಡ, ಬೀಜಗಳನ್ನು ನಿಯಂತ್ರಿಸಲು ಅದನ್ನು ಮಾಡಲಾಯಿತು. ಬಳಿಕ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಅಧಿಕಾರವನ್ನೂ ಅದಕ್ಕೆ ಸೇರಿಸಿದರು. ಈ ಅಧಿಕಾರದಿಂದಲೇ ಕೇಂದ್ರ ಸರಕಾರ 1959ರಲ್ಲಿ ಬಂಚಿ ಟಾಪ್ ರೋಗದ ವಿರುದ್ಧ ಅಧಿಸೂಚನೆ ಹೊರಡಿಸಿ, ಕೇರಳ, ತಮಿಳುನಾಡು, ಅಸ್ಸಾಂ, ಒಡಿಶಾ ಮತ್ತು ಪಶ್ಚಿಮ ಬಂಗಾಳಗಳಿಂದ ಬಾಳೆಗಿಡ ಮತ್ತು ಕಂದುಗಳನ್ನು ಬೇರೆ ರಾಜ್ಯಗಳಿಗೆ ಸಾಗಿಸದಂತೆ ತಡೆ ಹಾಕಿತು. ಹಣ್ಣನ್ನು ಇದರಿಂದ ಹೊರಗಿಟ್ಟರು. ಹಣ್ಣನ್ನು ಯಾರೂ ನೆಡುವುದಿಲ್ಲ, ತಿನ್ನುತ್ತಾರೆ. ಗೊನೆ ಹೋಗಬಹುದು, ಕಂದು ಹೋಗಬಾರದು ಎಂಬುದರ ಅರ್ಥ ಇಷ್ಟೇ.

ಇಂತಹ ನಿಯಮ ಬಾಳೆಗೆ ಮಾತ್ರವಲ್ಲ. 1961ರಲ್ಲಿ ನೀಲಗಿರಿಯಲ್ಲಿ ಬಟಾಟೆಯ ಬೇರಿಗೆ ತಗಲುವ ಚಿನ್ನದ ಬಣ್ಣದ ಕೋಶದ ಜಂತುಹುಳು ಪತ್ತೆಯಾದಾಗ, ಅಲ್ಲಿಂದ ಬಿತ್ತನೆ ಬಟಾಟೆ ಹೊರಹೋಗದಂತೆ ಮುಂದೆ ತಡೆಯಲಾಯಿತು.

ರಾಜ್ಯಗಳಿಗೂ ತಮ್ಮದೇ ಕಾನೂನುಗಳಿವೆ. ಇವುಗಳಲ್ಲಿ ಮೊದಲನೆಯದು ನಮ್ಮ ಹಿರಿಯರಿಗೇ ಅನ್ವಯವಾಗಿದ್ದ ಕಾನೂನು. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸು ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆ 1919ರಲ್ಲಿ ಬಂತು. 1923ರಲ್ಲಿ ಮಂಗಳೂರು ಕಡೆಯ ತೆಂಗಿಗೆ ಕಪ್ಪುತಲೆ ಹುಳು ಹಿಡಿದಾಗ ಈ ಕಾಯಿದೆಯ ಕೆಳಗೇ ರೋಗದ ಗರಿಗಳನ್ನು ಕಡಿದು ನಾಶಮಾಡಿಸಿದರು. ಸರಕಾರ ಒಂದು ಪೀಡೆಯನ್ನು ಘೋಷಿಸಿದರೆ ತೋಟದವನು ಹೇಳಿದ ಕ್ರಮ ಕೈಗೊಳ್ಳಬೇಕು. ಕೈಗೊಳ್ಳದಿದ್ದರೆ ಅಧಿಕಾರಿಗಳೇ ಅದನ್ನು ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು. ಇದು ಅದರ ಸಾರ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಕೇರಳ 1958ರಲ್ಲಿ, ಆಗಿನ ಮೈಸೂರು ರಾಜ್ಯ 1968ರಲ್ಲಿ, ಇದೇ ವಿಷಯದಲ್ಲಿ ತಮ್ಮ ತಮ್ಮ ಕಾಯಿದೆ ಮಾಡಿಕೊಂಡವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "1956ಕ್ಕೆ ಮೊದಲು ಮಂಜೇಶ್ವರದ ಕಂದು ಉಳ್ಳಾಲಕ್ಕೆ ಹೋದರೆ ಅದು ಒಂದೇ ಜಿಲ್ಲೆಯ ವ್ಯವಹಾರ. ಗೆರೆ ಎಳೆದವರು ನಾವಲ್ಲ. ಅದೇ ಮಣ್ಣು, ಅದೇ ಮಳೆ. ಮತ್ತೆ ಈ ರೋಗ ಕರ್ನಾಟಕದಲ್ಲೂ ಇದೆಯಲ್ಲ, ಇನ್ನು ತಡೆದು ಏನು ಪ್ರಯೋಜನ?" ಈ ಮಾತಿನಲ್ಲಿ ಸತ್ಯಾಂಶ ಇದೆ. ವೈರಸ್ಸಿಗೆ ರಾಜ್ಯದ ಗಡಿ ಗೊತ್ತಿಲ್ಲ. ಕೊಡಗಿನ ಬಾಳೆ ತೋಟಗಳಲ್ಲೂ ಈ ರೋಗ ಹಾನಿ ಮಾಡಿದೆ. ಆದರೆ ಒಂದು ಜಿಲ್ಲೆಯಲ್ಲಿ ರೋಗ ಇದೆ ಎಂದರೆ ಅಲ್ಲಿನ ಪ್ರತಿಯೊಂದು ತೋಟದಲ್ಲೂ ಇದೆ ಎಂದು ಅರ್ಥವಲ್ಲ. ಆ ಮಗಳ ಹೊಸ ತೋಟ ಇವತ್ತು ಶುದ್ಧವಾಗಿದೆ. ಅದನ್ನು ಶುದ್ಧವಾಗಿ ಉಳಿಸುವುದೋ ಕೆಡಿಸುವುದೋ ಎಂಬುದೇ ಪ್ರಶ್ನೆ. ಊರಿನ ನಾಲ್ಕು ಮನೆಗೆ ಜ್ವರ ಬಂದಿದೆ ಎಂದು ಐದನೆಯ ಮನೆಗೆ ನಾವೇ ಜ್ವರ ಹೊತ್ತುಕೊಂಡು ಹೋಗುತ್ತೇವೆಯೇ?

ನನ್ನದೇ ಒಂದು ತಪ್ಪು

ಇದನ್ನೆಲ್ಲ ಬರೆಯುವ ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಬೇರೊಂದು ಚರ್ಚಿನಲ್ಲಿದ್ದೆ. ಚರ್ಚಿನ ತೋಟದಲ್ಲಿ ಒಳ್ಳೆಯ ಬಾಳೆ ಇತ್ತು. ಒಂದು ವರ್ಷ ಮೊಂತಿ ಹಬ್ಬದ ದಿನ, ಹೊಸ ತೆನೆಯ ಆಶೀರ್ವಚನದ ನಂತರ, ತೋಟ ಮಾಡುವ ಬಡ ಕುಟುಂಬಗಳಿಗೆ ಎರಡೆರಡು ಕಂದುಗಳನ್ನು ಹಂಚಿದೆ. ಎಲ್ಲರಿಗೂ ಸಂತೋಷ, ನನಗೂ ಹೆಮ್ಮೆ. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಚರ್ಚಿನ ತೋಟದ ಒಂದು ಮೂಲೆಯ ಬಾಳೆಗಳ ತಲೆ ಕಟ್ಟಿಕೊಂಡಿತು. ಅದರ ಹಿಂದೆಯೇ ಕಂದು ಕೊಂಡುಹೋದ ಮನೆಗಳಿಂದ ಒಬ್ಬೊಬ್ಬರಾಗಿ ಬಂದು ಹೇಳತೊಡಗಿದರು. ಒಂದು ಮನೆಯಲ್ಲಿ ನನ್ನ ಎರಡು ಕಂದುಗಳಿಂದ ಅವರ ಹಳೆಯ ಬಾಳೆಗೂ ರೋಗ ದಾಟಿ, ಓಣಂ ಮಾರುಕಟ್ಟೆಗೆಂದು ನಂಬಿಕೊಂಡಿದ್ದ ಗೊನೆಗಳು ಕೈಗೆ ಬರಲಿಲ್ಲ. ಆ ಮನೆಯ ಯಜಮಾನರು ನನ್ನನ್ನು ಬೈಯಲಿಲ್ಲ. "ನಿಮಗೆ ಹೇಗೆ ಗೊತ್ತಾಗಬೇಕು ಫಾದರ್" ಎಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮನೆ ಮನೆಗೆ ಹೋಗಿ ಕ್ಷಮೆ ಕೇಳಿ, ಗಿಡ ಕೀಳುವುದಕ್ಕೆ ನಾನೂ ಹಾರೆ ಹಿಡಿದೆ.

ಅಂದಿನಿಂದ ನಾನು ತಿಳಿದುಕೊಂಡದ್ದು: ಕೊಡುವುದು ಒಳ್ಳೆಯದು, ಆದರೆ ಏನನ್ನು ಕೊಡುತ್ತಿದ್ದೇನೆ ಎಂದು ತಿಳಿದು ಕೊಡುವುದೂ ಪರಪ್ರೀತಿಯ ಒಂದು ಭಾಗ.

ನಾವು ಮಾಡಬೇಕಾದುದು

ಚೆಕ್‌ಪೋಸ್ಟಿನ ಪೊಲೀಸರು ಪ್ರತಿಯೊಂದು ಗೋಣಿಚೀಲವನ್ನು ಬಿಚ್ಚಿ ನೋಡಲಾರರು. ಪೆರ್ಲ, ಬದಿಯಡ್ಕ, ವರ್ಕಾಡಿಗಳ ಒಳದಾರಿಗಳಿಗಂತೂ ಲೆಕ್ಕವಿಲ್ಲ. ಆದುದರಿಂದ ನಿಜವಾದ ಚೆಕ್‌ಪೋಸ್ಟ್ ಇರಬೇಕಾದುದು ನಮ್ಮ ತೋಟದ ತಡಮೆಯಲ್ಲಿ. ಅದಕ್ಕಾಗಿ ಈ ಕ್ರಮಗಳು:

ಅ) ತೋಟದ ತಪಾಸಣೆ: ಹದಿನೈದು ದಿನಕ್ಕೊಮ್ಮೆ ಬಾಳೆಯ ಬುಡಗಳನ್ನು ನೋಡುತ್ತಾ ನಡೆಯಿರಿ. ಮಕ್ಕಳಿಗೂ ಚುಕ್ಕೆ-ಗೆರೆಯ ಗುರುತು ಕಲಿಸಿ. ಅವರ ಕಣ್ಣು ನಮಗಿಂತ ಚುರುಕು.

ಆ) ರೋಗದ ಗಿಡ ಕಂಡರೆ: ಕೂಡಲೇ ಕಡಿಯಬೇಡಿ. ಕಡಿದ ಕ್ಷಣ ಹೇನುಗಳು ಪಕ್ಕದ ಬಾಳೆಗೆ ಹೊರಡುತ್ತವೆ. ಮೊದಲು ಸುಳಿಯ ಒಳಗೆ, ಎಲೆಸಂದಿಗಳಿಗೆ, ಬುಡಕ್ಕೆ ಇಳಿಯುವಂತೆ ಸೋಪಿನ ನೀರನ್ನು ಚೆನ್ನಾಗಿ ಹೊಯ್ಯಿರಿ. ಹೇನು ಹೆಚ್ಚಿದ್ದರೆ ಯಾವ ಕೀಟನಾಶಕ, ಎಷ್ಟು ಎಂದು ಕೃಷಿಭವನದಲ್ಲಿ ಕೇಳಿ. ಹೇನು ಸತ್ತ ಮೇಲೆ ಗಡ್ಡೆ ಸಹಿತ ಇಡೀ ಬುಡವನ್ನು ಅಗೆದು ತೆಗೆದು, ಕೊಚ್ಚಿ, ಅಲ್ಲಿಯೇ ಹೂಳಿರಿ. ಒಂದು ತುಂಡು ಗಡ್ಡೆ ಉಳಿದರೂ ಮತ್ತೆ ಚಿಗುರಿ ರೋಗ ಹಬ್ಬಿಸುತ್ತದೆ. "ಒಂದು ಗೊನೆಯಾದರೂ ಸಿಗಲಿ" ಎಂದು ಕಾಯಬೇಡಿ. ಅದು ಕೊಡುವುದು ಗೊನೆಯಲ್ಲ, ನೂರು ಗಿಡಗಳಿಗೆ ರೋಗ.

ಇ) ಕಂದು ಆರಿಸುವಾಗ: ಒಂದು ಗಿಡಕ್ಕೂ ರೋಗ ಬಾರದ ತೋಟದಿಂದಲೇ ಆರಿಸಿ. ರೋಗದ ತೋಟದ ಆರೋಗ್ಯವಂತ ಕಂದು ಎಂಬುದನ್ನು ನಂಬಬೇಡಿ. ಸೆಗಣಿನೀರಿನಲ್ಲಿ ಅದ್ದಿ ಮೂರು-ನಾಲ್ಕು ದಿನ ಬಿಸಿಲಿಗೆ ಒಣಗಿಸುವ ನಮ್ಮ ಪದ್ಧತಿ ಒಳ್ಳೆಯದೇ, ಗಡ್ಡೆಯ ಇತರ ಪೀಡೆಗಳನ್ನು ಅದು ಕಡಿಮೆ ಮಾಡುತ್ತದೆ. ಆದರೆ ಒಳಗಿರುವ ವೈರಸ್ ಅದರಿಂದ ಸಾಯುವುದಿಲ್ಲ.

ಈ) ಅಂಗಾಂಶ ಕೃಷಿಯ ಸಸಿ: ಟಿಶ್ಯೂ ಕಲ್ಚರ್ ಎಂದ ಮಾತ್ರಕ್ಕೆ ರೋಗ ಇಲ್ಲ ಎಂದಲ್ಲ. ತಾಯಿಗಿಡದಲ್ಲಿ ವೈರಸ್ ಇದ್ದರೆ ಸಾವಿರ ಸಸಿಗಳಲ್ಲೂ ಇರುತ್ತದೆ. ವೈರಸ್ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರಕಾರ 2006ರಲ್ಲಿ ಆರಂಭಿಸಿತು. ಕೊಳ್ಳುವಾಗ ಆ ಪ್ರಮಾಣಪತ್ರವನ್ನು ಕೇಳಿ ನೋಡಿ. ಕೇಳಲು ಸಂಕೋಚ ಬೇಡ.

ಉ) ಮನೆಯ ಕ್ವಾರಂಟೈನ್: ಜಿಲ್ಲೆಯೊಳಗಿನ ನೆಂಟರಿಂದ ಕಂದು ಬಂದರೂ ನೇರವಾಗಿ ತೋಟದ ನಡುವೆ ನೆಡಬೇಡಿ. ಇತರ ಬಾಳೆಗಳಿಂದ ಸಾಧ್ಯವಾದಷ್ಟು ದೂರ, ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿ ನೆಟ್ಟು ಮೂರು-ನಾಲ್ಕು ತಿಂಗಳು ನೋಡಿ. ಯಾಜಕಕಾಂಡದ ಏಳು ದಿನದ ಹಾಗೆ ಇದು ನಮ್ಮ ಬಾಳೆಯ ಪರೀಕ್ಷೆಯ ಕಾಲ.

ಊ) ರಾಜ್ಯದ ಗಡಿ ದಾಟಿಸುವ ಕಂದು, ಸಸಿ, ಬೀಜದಗಡ್ಡೆ ಯಾವುದೇ ಇರಲಿ, ಮೊದಲು ಕೃಷಿಭವನದಲ್ಲಿ ವಿಚಾರಿಸಿ. ಬಾಳೆಕಂದನ್ನಂತೂ ಒಯ್ಯಬೇಡಿ, ತರಲೂಬೇಡಿ.

ಆರೋಗ್ಯದ ದೃಷ್ಟಿಯಿಂದ

ಮೊದಲಿಗೆ ಒಂದು ಸಂಶಯ ನಿವಾರಣೆ. ಬಂಚಿ ಟಾಪ್ ಗಿಡದ ರೋಗ, ಮನುಷ್ಯರಿಗೆ ಬರುವುದಿಲ್ಲ. ರೋಗದ ತೋಟದ ಹಣ್ಣು ತಿಂದರೆ ಏನೂ ಆಗದು. ಆದರೆ ಕೀಟನಾಶಕ ಸಿಂಪಡಿಸಿದ ಗಿಡದ ದಿಂಡು, ಎಲೆಗಳನ್ನು ದನಗಳಿಗೆ ಹಾಕಬೇಡಿ, ಪೂಂಬೆಯನ್ನು ಪಲ್ಯ ಮಾಡಬೇಡಿ.

ಎರಡನೆಯದಾಗಿ, ವಿಷ ಎಂದರೆ ಏನೆಂದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಆದರೆ ನೊಂದ ಮನೆಗಳ ನೋವು ಕೋರ್ಟಿನ ಆಜ್ಞೆಯೊಂದಿಗೆ ಮುಗಿಯಲಿಲ್ಲ. ಆ ಮನೆಗಳ ಮಕ್ಕಳನ್ನು ನಾವು ಬಲ್ಲೆವು. ಪೀಡೆ ಬಂದ ಮೇಲೆ ವಿಷ ಸುರಿಯುವುದಕ್ಕಿಂತ, ಬಾರದಂತೆ ಬಾಗಿಲಲ್ಲೇ ತಡೆಯುವುದು ಮೇಲು. ಕ್ವಾರಂಟೈನ್ ನಿಯಮ ಕೃಷಿಕನನ್ನು ಕಾಡುವುದಕ್ಕಲ್ಲ, ಅವನ ತೋಟವನ್ನೂ ಶ್ವಾಸಕೋಶವನ್ನೂ ಉಳಿಸುವುದಕ್ಕೆ. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂದು 2015ರಲ್ಲಿ ಪೋಪ್ ಫ್ರಾನ್ಸಿಸರು ಸೃಷ್ಟಿಯ ಪಾಲನೆಯ ಕುರಿತಾದ ವಿಶ್ವಪತ್ರದಲ್ಲಿ ನೆನಪಿಸಿದ್ದು ನಮ್ಮ ಬಾಳೆಯ ಬುಡಕ್ಕೂ ಅನ್ವಯಿಸುತ್ತದೆ.

ಕೊನೆಯ ಮಾತು

ಆ ತಾಯಿಯ ಪ್ರಶ್ನೆಗೆ ಮರಳುತ್ತೇನೆ. ಮಗಳಿಗೆ ಕೊಡುವುದು ಕಳ್ಳಸಾಗಣೆಯಲ್ಲ, ಅದು ತಾಯಿಯ ಮನಸ್ಸು. ಆದರೆ ಅಮ್ಮಾ, ನಿಮ್ಮ ಮಗಳಿಗೆ ಬೇಕಾದುದು ನಿಮ್ಮ ತೋಟದ ಕಂದಲ್ಲ, ಅವಳ ತೋಟದಲ್ಲಿ ಗೊನೆ. ಪರೀಕ್ಷಿಸಿದ ಸಸಿಯನ್ನು ಅಲ್ಲಿಯೇ ಕೊಳ್ಳಲಿ. ಅದರ ಹಣವನ್ನು ಬೇಕಾದರೆ ನೀವೇ ಕೊಡಿ. ಇಲ್ಲಿಂದ ಒಂದು ಒಳ್ಳೆಯ ನೇಂದ್ರದ ಗೊನೆ ಕೊಂಡುಹೋಗಿ, ಹಣ್ಣು ತಿನ್ನುತ್ತಾ ಆ ಸಸಿಗಳನ್ನು ಇಬ್ಬರೂ ಸೇರಿ ನೆಡಿ. ಮಗಳ ಅತ್ತೆಯ ಮನೆಯವರಿಗೂ ಚುಕ್ಕೆ-ಗೆರೆಯ ಗುರುತು ಹೇಳಿಕೊಡಿ. ತವರಿನಿಂದ ಹೋಗುವ ಆ ತಿಳುವಳಿಕೆ ಯಾವ ಗಡಿಯಲ್ಲೂ ತಡೆಯಿಲ್ಲದ ಉಡುಗೊರೆ.

ವಾರ್ಡಿನ ಸಭೆಯಲ್ಲಿ ಚರ್ಚೆಗೆ:

1. ನಮ್ಮ ವಾರ್ಡಿನಲ್ಲಿ ಯಾವ ಯಾವ ತೋಟಗಳಲ್ಲಿ ಈ ರೋಗ ಕಂಡಿದೆ? ಸಂಕೋಚವಿಲ್ಲದೆ ಹೇಳಿಕೊಳ್ಳಲು ಏನು ಮಾಡಬೇಕು?
2. ನೆಂಟರು ಕಂದು ಕೇಳಿದಾಗ ಅವರಿಗೆ ನೋವಾಗದಂತೆ ಹೇಗೆ ಬೇಡ ಎನ್ನಬಹುದು?
3. ರೋಗದ ಗಿಡ ಕೀಳಲು ಕೈಲಾಗದ ವಿಧವೆಯರು, ವೃದ್ಧರು, ರೋಗಿಗಳು ಯಾರಿದ್ದಾರೆ? ನಮ್ಮ ಯುವಕರು ಒಂದು ಶನಿವಾರ ಅವರ ತೋಟಕ್ಕೆ ಹೋಗಬಹುದೇ?
4. ಯಾಜಕಕಾಂಡ 13ನೇ ಅಧ್ಯಾಯದಲ್ಲಿ ಪ್ರತ್ಯೇಕವಾಗಿ ಇರಿಸಿದವನನ್ನು ಯಾಜಕನು ಮರೆತುಬಿಡುವುದಿಲ್ಲ, ಮತ್ತೆ ಹೋಗಿ ನೋಡುತ್ತಾನೆ. ಇದರಿಂದ ನಾವು ಕಲಿಯುವುದೇನು?

ದೇವರು ನಿಮ್ಮ ಮನೆಗಳನ್ನೂ ತೋಟಗಳನ್ನೂ ಆಶೀರ್ವದಿಸಲಿ.

ನಿಮ್ಮ ಧರ್ಮಗುರು